ದಿನಾ ಒರೆಸಿದ ಕಾರು: ಇಳಕಲ್‌ನಿಂದ ಬಂದ ಒಂದು ಪ್ರಕರಣ

ಕಳೆದ ಫೆಬ್ರವರಿಯಲ್ಲಿ ಇಳಕಲ್‌ನಿಂದ ಒಂದು ಕಪ್ಪು ಕಾರು ಬಾಗಲಕೋಟೆಯ ನವನಗರದಲ್ಲಿರುವ, ಕಾರು ಪಾಲಿಶ್ ಮಾಡುವ ನನ್ನ ಶೆಡ್ಡಿಗೆ ಬಂತು. ಓಡಿಸಿಕೊಂಡು ಬಂದವರು ನಮ್ಮ ಪರಿಚಯದ ಹಿರಿಯರು. ಚಿಕ್ಕಂದಿನಿಂದ ಅವರನ್ನು ಕಾಕಾ ಎಂದೇ ಕರೆದು ರೂಢಿ. ದಾರಿಯಲ್ಲಿ ಅಮೀನಗಡದಲ್ಲಿ ನಿಲ್ಲಿಸಿ ಒಂದು ಡಬ್ಬಿ ಕರದಂಟು ತಂದಿದ್ದರು. ಡಬ್ಬಿ ಕೈಗಿಟ್ಟು, ಕಾರಿನ ಕಡೆ ತೋರಿಸಿ ಒಂದೇ ಮಾತು ಕೇಳಿದರು.

"ದಿನಾ ಮುಂಜಾನಿ ಒರಸ್ತೀನಿ ತಮ್ಮಾ. ಮೂರು ವರ್ಷದಾಗ ಊರಾಗಿದ್ದ ಒಂದು ದಿನಾನೂ ಬಿಟ್ಟಿಲ್ಲ. ಆದ್ರೂ ಹಿಂಗ್ಯಾಕ ಆತು?"

ಆ ಪ್ರಶ್ನೆಯ ಒಳಗೇ ಉತ್ತರ ಇತ್ತು. ಆದರೆ ಹಾಗೆ ಮುಖಕ್ಕೆ ಹೇಳುವುದು ಸುಲಭ ಇರಲಿಲ್ಲ. ನನ್ನ ಹತ್ತಿರ ಬರುವ ಕಾರುಗಳಲ್ಲಿ ಯಾರೂ ಕಣ್ಣೆತ್ತಿ ನೋಡದೆ ಹಾಳಾದವು ಕಡಿಮೆ. ಪ್ರೀತಿಯಿಂದ ಒಣ ಬಟ್ಟೆ ಹಿಡಿದು ಒರೆಸಿ ಒರೆಸಿ ಹಾಳಾದವೇ ಜಾಸ್ತಿ. ಕಾಕಾ ಅವರ ಕಾರು ಅದಕ್ಕೆ ಸರಿಯಾದ ಉದಾಹರಣೆ. ಅವರ ಒಪ್ಪಿಗೆ ಕೇಳಿಯೇ ಇದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಬಂದಾಗ ಹೇಗಿತ್ತು

ಕಾರು 31 ಸಾವಿರ ಕಿ.ಮೀ. ಓಡಿತ್ತು. ನೆರಳಿನಲ್ಲಿ ನೋಡಿದರೆ ಪರವಾಗಿಲ್ಲ ಅನ್ನಿಸುತ್ತಿತ್ತು. ಹೊರಗೆ ಬಿಸಿಲಿಗೆ ತಂದೆವು. ಬಾನೆಟ್ ಮೇಲೆ ಬಿದ್ದ ಸೂರ್ಯನ ಬಿಂಬದ ಸುತ್ತ ಜೇಡರ ಬಲೆ ಕಟ್ಟಿದಂತೆ ಸಾವಿರಾರು ಸಣ್ಣ ಗೆರೆಗಳು. ಕಪ್ಪು ಬಣ್ಣ ಕಪ್ಪಾಗಿ ಉಳಿದಿರಲಿಲ್ಲ, ಬೂದು ಬೂದಾಗಿ ಕಾಣುತ್ತಿತ್ತು.

ಗೆರೆಗಳು ದುಂಡಗೆ ಕಾಣುವುದರಿಂದ ದುಂಡಗೆ ಉಜ್ಜಿದ್ದೇ ಕಾರಣ ಎಂದು ಹಲವರು ತಿಳಿಯುತ್ತಾರೆ. ನಿಜದಲ್ಲಿ ಗೀರುಗಳು ಎಲ್ಲಾ ದಿಕ್ಕಿನಲ್ಲೂ ಇರುತ್ತವೆ. ಬೆಳಕಿಗೆ ಅಡ್ಡವಾಗಿರುವವು ಮಾತ್ರ ಹೊಳೆದು ಕಣ್ಣಿಗೆ ಬೀಳುತ್ತವೆ. ಅದಕ್ಕೇ ದೀಪದ ಸುತ್ತ ವೃತ್ತ ಇದ್ದಂತೆ ತೋರುತ್ತದೆ. ಟಾರ್ಚ್ ಸರಿಸಿದರೆ ವೃತ್ತವೂ ಜೊತೆಗೇ ಸರಿಯುತ್ತದೆ. ಕಾಕಾ ಅವರ ಕೈಗೇ ಟಾರ್ಚ್ ಕೊಟ್ಟು ಇದನ್ನು ತೋರಿಸಿದೆ.

ಆಮೇಲೆ ಮೈಕ್ರಾನ್ ಮೀಟರ್ ಇಟ್ಟು ಪೇಂಟಿನ ದಪ್ಪ ಅಳೆದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಬಾನೆಟ್ 104ರಿಂದ 112 ಮೈಕ್ರಾನ್. ಟಾಪ್ ಅದಕ್ಕಿಂತ ಸ್ವಲ್ಪ ಕಡಿಮೆ. ಮುಂದಿನ ಎಡಗಡೆಯ ಫೆಂಡರ್ (ಚಕ್ರದ ಮೇಲಿನ ತಗಡು) ಮಾತ್ರ 240ರ ಆಸುಪಾಸು. ಗೇಟಿಗೆ ಉಜ್ಜಿದ್ದರಿಂದ ಅದನ್ನು ಒಮ್ಮೆ ಪೇಂಟ್ ಮಾಡಿಸಿದ್ದರಂತೆ. ಇದು ಮೊದಲೇ ಗೊತ್ತಾಗುವುದು ಒಳ್ಳೆಯದು. ಗ್ಯಾರೇಜಿನಲ್ಲಿ ಹೊಡೆದ ಪೇಂಟ್ ಕಂಪನಿ ಪೇಂಟಿನಂತೆ ಗಟ್ಟಿಯಾಗಿರಬೇಕು ಎಂದೇನಿಲ್ಲ, ಅಲ್ಲಿ ಮಷೀನ್ ಹಗುರವಾಗಿ ಹಿಡಿಯಬೇಕು.

ಈ ಅಂಕಿ ಏನು ಹೇಳುತ್ತದೆ? ತಗಡಿನ ಮೇಲೆ ಮೊದಲು ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ. ಅದನ್ನು ನಾವು ಕ್ಲಿಯರ್ ಕೋಟ್ ಅನ್ನುತ್ತೇವೆ. ಹೊಳಪು ಇರುವುದು ಅದರಲ್ಲಿ. ಬಿಸಿಲು ತಡೆಯುವ ರಾಸಾಯನಿಕ ಇರುವುದೂ ಅದರಲ್ಲೇ. ಮೀಟರ್ ತೋರಿಸುವುದು ಎಲ್ಲಾ ಪದರ ಸೇರಿದ ಒಟ್ಟು ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸಾಮಾನ್ಯವಾಗಿ 40 ಮೈಕ್ರಾನ್ ಸುತ್ತಮುತ್ತ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂದರೆ ಮಳೆ, ಬಿಸಿಲು, ಧೂಳು ಎಲ್ಲವನ್ನೂ ತಡೆಯುತ್ತಿರುವುದು ಕೂದಲಿಗಿಂತ ತೆಳುವಾದ ಒಂದು ಪದರ. ಪ್ರತಿ ಸಲ ಪಾಲಿಶ್ ಮಾಡಿದಾಗ ಅದರಲ್ಲೇ ಸ್ವಲ್ಪ ಕರಗುತ್ತದೆ. ಹಾಗಾಗಿ "ಗೀರಾದರೆ ಪಾಲಿಶ್ ಹೊಡೆಸಿದರಾಯಿತು" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪಾಲಿಶ್ ಕೆಲಸದಿಂದಲೇ ನನ್ನ ಹೊಟ್ಟೆ ತುಂಬುತ್ತದೆ, ಆದರೂ ಒಪ್ಪುವುದಿಲ್ಲ.

ಕಾಕಾ ಅವರ ದಿನಚರಿ

ಪೇಂಟ್ ಮುಟ್ಟುವ ಮೊದಲು ಚಹಾ ಕುಡಿಯುತ್ತಾ ಅರ್ಧ ಗಂಟೆ ಮಾತಾಡಿದೆವು. ಈ ಅರ್ಧ ಗಂಟೆಯನ್ನು ನಾನು ಯಾವ ಗಿರಾಕಿಗೂ ತಪ್ಪಿಸುವುದಿಲ್ಲ. ಕಾರು ಎಲ್ಲಿ ನಿಲ್ಲುತ್ತದೆ, ಯಾರು ತೊಳೆಯುತ್ತಾರೆ, ಯಾವ ನೀರು, ಯಾವ ಬಟ್ಟೆ ಎಂದು ಗೊತ್ತಾಗದೆ ಮಾಡಿದ ಪಾಲಿಶ್ ಆರು ತಿಂಗಳಲ್ಲಿ ಮಣ್ಣುಪಾಲು.

ಕಾಕಾ 20 ವರ್ಷದಿಂದ ಗ್ರಾನೈಟ್ ಪಾಲಿಶ್ ಘಟಕದಲ್ಲಿದ್ದಾರೆ. ಈಗ ಮೇಸ್ತ್ರಿ. ಇಳಕಲ್ ಸೀರೆ ಎಲ್ಲರಿಗೂ ಗೊತ್ತು. ಇಳಕಲ್‌ನ ಕೆಂಪು ಗ್ರಾನೈಟ್ ಕೂಡ ಅಷ್ಟೇ ದೂರ ಹೋಗುತ್ತದೆ. ಕಾರು ಹಗಲೆಲ್ಲ ಘಟಕದ ಅಂಗಳದಲ್ಲಿ, ಬೇವಿನ ಮರದ ಕೆಳಗೆ ನಿಲ್ಲುತ್ತದೆ. ಕಲ್ಲು ಕೊಯ್ಯುವಾಗ ಏಳುವ ಪುಡಿ ಅದರ ಮೇಲೆ ಕೂರುತ್ತದೆ. ರಾತ್ರಿ ಮನೆಯ ಮುಂದೆ. ಧೂಳು ಇದ್ದ ಹಾಗೇ ಮೇಲೆ ಕವರ್ ಹೊದಿಸುತ್ತಾರೆ. ಬೆಳಿಗ್ಗೆ ಕವರ್ ಎಳೆದು, ಕಾಕಿಯ ಹಳೆಯ ಸೀರೆಯ ತುಂಡಿನಿಂದ ಒಣಗೇ ಒರೆಸುತ್ತಾರೆ. ವಾರಕ್ಕೊಮ್ಮೆ ಬೋರ್‌ವೆಲ್ ನೀರು ಮತ್ತು ಬಟ್ಟೆ ಸೋಪಿನ ಪುಡಿ. ಅಮಾವಾಸ್ಯೆಗೆ ಪೂಜೆ. ಯಾರೋ ಹೇಳಿದರು ಎಂದು ಎರಡು ಸಲ ಸೀಮೆಎಣ್ಣೆ ಹಚ್ಚಿ ಉಜ್ಜಿದ್ದೂ ಉಂಟು. ಅವತ್ತು ಕನ್ನಡಿಯಂತೆ ಹೊಳೆಯಿತಂತೆ.

ಒಂದೊಂದಾಗಿ ನೋಡೋಣ.

ಗ್ರಾನೈಟ್ ಪುಡಿಯಲ್ಲಿ ಕ್ವಾರ್ಟ್ಜ್ ಇರುತ್ತದೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಕ್ವಾರ್ಟ್ಜ್ 7ರಲ್ಲಿದೆ. ಅದು ಗಾಜನ್ನೇ ಗೀರುತ್ತದೆ. ಕ್ಲಿಯರ್ ಕೋಟ್ ಒಂದು ಬಗೆಯ ಪ್ಲಾಸ್ಟಿಕ್, ಅದರ ಮುಂದೆ ಬೆಣ್ಣೆ ಇದ್ದ ಹಾಗೆ. ಪುಡಿ ಸುಮ್ನೆ ಕೂತಿದ್ದರೆ ಏನೂ ಆಗುವುದಿಲ್ಲ. ಬಟ್ಟೆ ಒತ್ತಿ ಎಳೆದ ಕ್ಷಣ ಅದು ಉಪ್ಪುಕಾಗದ ಆಗುತ್ತದೆ. ಕವರ್ ಕೂಡ ಅದನ್ನೇ ಮಾಡುತ್ತದೆ. ಆಷಾಢದ ಗಾಳಿಗೆ ರಾತ್ರಿಯಿಡೀ ಕವರ್ ಅಲುಗಾಡಿದರೆ ಧೂಳಿನ ಮೇಲೆ ಎಂಟು ಗಂಟೆ ಬಟ್ಟೆ ಉಜ್ಜಿದಂತೆ.

ಸೋಪಿನ ಪುಡಿ ಬಟ್ಟೆಯ ಜಿಡ್ಡು ತೆಗೆಯಲು ಮಾಡಿದ್ದು. ಕಾರಿನ ಮೇಲೆ ವ್ಯಾಕ್ಸ್, ಅಂದರೆ ಮೇಣದ ಲೇಪ, ಇದ್ದರೆ ಅದನ್ನೂ ತೆಗೆಯುತ್ತದೆ. ಸೀಮೆಎಣ್ಣೆಯ ಹೊಳಪು ಜಿಡ್ಡಿನ ಹೊಳಪು, ಗೀರಿನೊಳಗೆ ಎಣ್ಣೆ ತುಂಬಿ ಎರಡು ದಿನ ಮುಚ್ಚಿಡುತ್ತದೆ. ಮೂರನೇ ದಿನ ಆ ಜಿಡ್ಡಿಗೆ ಧೂಳು ಇನ್ನೂ ಚೆನ್ನಾಗಿ ಅಂಟುತ್ತದೆ. ರಬ್ಬರ್ ಪಟ್ಟಿಗಳಿಗೂ ಅದು ಒಳ್ಳೆಯದಲ್ಲ.

ಬೋರ್‌ವೆಲ್ ನೀರಿನ ಕಲೆ ಬಾಗಿಲುಗಳ ಕೆಳಭಾಗದಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿತ್ತು. ಅದು ಗಡಸು ನೀರಿನ ಸುಣ್ಣದ ಅಂಶ. ನೀರು ಆರಿ ಹೋಗುತ್ತದೆ, ಅದು ಉಳಿಯುತ್ತದೆ. ಟಾಪ್ ಮೇಲೆ ನಾಲ್ಕೈದು ಕಡೆ ಹಕ್ಕಿ ಹಿಕ್ಕೆಯ ಗುರುತು. ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲಿಗೆ ಕ್ಲಿಯರ್ ಕೋಟ್ ಸ್ವಲ್ಪ ಮೆತ್ತಗಾಗುತ್ತದೆ, ಸಂಜೆ ತಣಿದಾಗ ಹಿಕ್ಕೆಯ ಆಕಾರಕ್ಕೇ ಗಟ್ಟಿಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವಾಗ ಕಪ್ಪು ಬಾನೆಟ್ ಮೇಲೆ ಕೈ ಇಡಲಾಗುವುದಿಲ್ಲ, ಅಲ್ವಾ? ಅಂಥ ದಿನ ಕೆಲವೇ ಗಂಟೆಯಲ್ಲಿ ಗುರುತು ಕೂತುಬಿಡುತ್ತದೆ.

ಇದನ್ನೆಲ್ಲ ಹೇಳುವಾಗ ಕಾಕಾ ಸುಮ್ಮನೆ ಕೇಳುತ್ತಿದ್ದರು. ಒಪ್ಪಿದಂತೆ ಕಾಣಲಿಲ್ಲ. ಮೆತ್ತನೆಯ ಹತ್ತಿ ಸೀರೆ ಹೇಗೆ ಗೀರುತ್ತದೆ ಎಂಬುದೇ ಅವರ ಸಂಶಯ. ಆಗ ನಾನು ಅವರ ಕೆಲಸದ ಬಗ್ಗೆಯೇ ಕೇಳಿದೆ.

"ಕಾಕಾ, ಕಲ್ಲು ಪಾಲಿಶ್ ಮಾಡುವಾಗ ಒಂದು ನಂಬರ್ ಮುಗಿಸಿ ಮುಂದಿನ ನಂಬರಿಗೆ ಹೋಗೂದಕ್ಕಿಂತ ಮೊದಲು ಏನ್ ಮಾಡ್ತೀರಿ?"

"ತೊಳೀತೀವಿ. ತೊಳೀದ ಹೆಂಗ? ಹಿಂದಿನ ನಂಬರಿನ ಒಂದ್ ಹರಳ ಉಳಿದ್ರೂ ಸ್ಲ್ಯಾಬ್ ತುಂಬ ಗೀರು ಬೀಳ್ತಾವ."

ಹೇಳಿ ಮುಗಿಸುವಷ್ಟರಲ್ಲಿ ಅವರೇ ನಿಂತರು. ಚಹಾ ಲೋಟ ಕೆಳಗಿಟ್ಟು ಕಾರಿನ ಹತ್ತಿರ ಹೋಗಿ ಬಾನೆಟ್ ಮೇಲೆ ಬೆರಳಾಡಿಸಿದರು. "ಅಂದ್ರ ನಾ ದಿನಾ ಕಾರಿಗೆ ಅರವತ್ತನೇ ನಂಬರ್ ಹೊಡ್ದೇನಿ" ಅಂದರು. ಉಜ್ಜುವ ಹರಳಿನ ನಂಬರ್ ಸಣ್ಣದಾದಷ್ಟೂ ಅದು ಒರಟು. ಅದಾದ ಮೇಲೆ ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಮೆತ್ತನೆಯ ಬಟ್ಟೆಯಾದರೂ ಗೀರುವುದು ಅದು ಹಿಡಿದುಕೊಂಡ ಹರಳು. ಪೇಂಟಿಗೂ ಕಲ್ಲಿಗೂ ಇರುವ ವ್ಯತ್ಯಾಸ ಒಂದೇ. ಸ್ಲ್ಯಾಬ್ ಎರಡು ಸೆಂಟಿಮೀಟರ್ ದಪ್ಪ ಇರುತ್ತದೆ, ತಪ್ಪಾದರೆ ಮತ್ತೆ ಮೊದಲಿನಿಂದ ಪಾಲಿಶ್ ಮಾಡಬಹುದು. ಇಲ್ಲಿ ನಮ್ಮ ಕೈಯಲ್ಲಿರುವುದು ಒಂದು ಮಿಲಿಮೀಟರಿನ ಇಪ್ಪತ್ತೈದನೇ ಒಂದು ಪಾಲು.

ಶೆಡ್ಡಿನಲ್ಲಿ ಎರಡು ದಿನ

ಮೊದಲ ದಿನ ಪೂರ್ತಿ ತೊಳೆಯುವುದರಲ್ಲೇ ಹೋಯಿತು. ಕೈ ತಾಗಿಸದೆ ಬರೀ ನೀರು ಹೊಡೆದು ಧೂಳು ಇಳಿಸಿದೆ. ನೊರೆ ಹಚ್ಚಿ ಐದು ನಿಮಿಷ ಬಿಟ್ಟೆ, ಮತ್ತೆ ನೀರು. ಆಮೇಲೆಯೇ ಬಟ್ಟೆ. ಇಷ್ಟು ತೊಳೆದ ಮೇಲೂ ಕಣ್ಣಿಗೆ ಕಾಣದ ಕೊಳೆ ಇರುತ್ತದೆ. ಅದನ್ನು ತಿಳಿಯಲು ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಒದ್ದೆ ಪೇಂಟಿನ ಮೇಲೆ ಮೆಲ್ಲಗೆ ಆಡಿಸಬೇಕು. ಕಾಕಾ ಆಡಿಸಿ ನೋಡಿ, "ರವಾ ಚೆಲ್ಲಿದಂಗ ಐತಿ" ಅಂದರು.

ಗ್ರಾನೈಟ್ ಕೊಯ್ಯುವ ದೊಡ್ಡ ಗರಗಸಗಳಲ್ಲಿ ನೀರು, ಸುಣ್ಣದ ಜೊತೆ ಉಕ್ಕಿನ ಸಣ್ಣ ಹರಳು ಬಳಸುವ ಪದ್ಧತಿ ಇದೆ. ಆ ಕಬ್ಬಿಣದ ಕಣ ಪೇಂಟಿನಲ್ಲಿ ನೆಟ್ಟಿರಬಹುದು ಅನ್ನಿಸಿತು. ಕಬ್ಬಿಣ ಕರಗಿಸುವ ದ್ರವ ಸಿಂಪಡಿಸಿದೆ. ಎರಡು ನಿಮಿಷದಲ್ಲಿ ಬಾಗಿಲುಗಳಿಂದ ನೇರಳೆ ಬಣ್ಣದ ನೀರು ಇಳಿಯತೊಡಗಿತು. ಚಕ್ರಗಳ ಹತ್ತಿರ ಇದು ಎಲ್ಲಾ ಕಾರಿನಲ್ಲೂ ಇದ್ದದ್ದೇ, ಬ್ರೇಕಿನ ಪುಡಿಯಿಂದ. ಟಾಪ್ ಮೇಲೂ ಇಷ್ಟು ಇಳಿದದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಉಳಿದದ್ದಕ್ಕೆ ಕ್ಲೇ ಉಂಡೆ, ಅಂದರೆ ಪೇಂಟಿಗೆ ಅಂಟಿದ ಕೊಳೆ ಎಳೆದುಕೊಳ್ಳುವ, ಜೇಡಿಮಣ್ಣಿನಂಥ ಮೆತ್ತನೆಯ ಮುದ್ದೆ. ಸೋಪು ನೀರು ಧಾರಾಳವಾಗಿ ಚಿಮುಕಿಸಿಕೊಂಡು ಹಗುರವಾಗಿ ಜಾರಿಸಿದೆ. ನೀರಿನ ಕಲೆಗೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಒಂದೆರಡು ನಿಮಿಷ ಇಟ್ಟು ತೊಳೆದೆ. ಹೊಸ ಕಲೆ ಹೋದವು. ಹಳೆಯವು ಪೇಂಟಿನೊಳಗೆ ಇಳಿದಿದ್ದವು.

ಎರಡನೇ ದಿನ ಪಾಲಿಶ್. ಬಾನೆಟ್ಟಿನ ಮೂಲೆಯಲ್ಲಿ ಎರಡಡಿ ಜಾಗದಲ್ಲಿ ಮೊದಲು ಪರೀಕ್ಷೆ. ಅತಿ ನಯವಾದ ಪಾಲಿಶ್‌ನಿಂದ ಅರ್ಧದಷ್ಟು ಗೆರೆಯೂ ಹೋಗಲಿಲ್ಲ. ಮಧ್ಯಮ ಪಾಲಿಶ್‌ನಿಂದ ಹೆಚ್ಚಿನವು ಹೋದವು. ಅದಕ್ಕಿಂತ ಒರಟಾದದ್ದು ಬಳಸಿದ್ದರೆ ಇನ್ನಷ್ಟು ಹೋಗುತ್ತಿದ್ದವು. ನಾನು ಬಳಸಲಿಲ್ಲ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಪಾಲಿಶ್‌ನಿಂದ ಬೆನ್ನಟ್ಟಬಾರದು. ಅದು ಹೋಗುವಷ್ಟರಲ್ಲಿ ಸುತ್ತಲಿನ ಕ್ಲಿಯರ್ ಕೋಟ್ ತೆಳುವಾಗಿರುತ್ತದೆ. ಕೆಲವು ವರ್ಷದ ಮೇಲೆ ಅಲ್ಲಿ ಬಿಳಿಚಿಕೊಂಡು ಸಿಪ್ಪೆ ಏಳಬಹುದು. ಹಿಕ್ಕೆಯ ಗುರುತುಗಳಲ್ಲಿ ಎರಡನ್ನು ಹಾಗೇ ಬಿಟ್ಟೆ. ಕಾಕಾ ಅವರಿಗೆ ತೋರಿಸಿಯೇ ಬಿಟ್ಟೆ.

ಮುಗಿದ ಮೇಲೆ ಬಾನೆಟ್ ಅಳತೆ ಸುಮಾರು 2 ಮೈಕ್ರಾನ್ ಕಡಿಮೆ ತೋರಿಸಿತು. ಅಷ್ಟು ಬೆಲೆ ಕೊಡಲೇಬೇಕಿತ್ತು.

ಪೇಂಟಿನ ಮೇಲೆ ಗಟ್ಟಿಯಾಗಿ ಕೂರುವ ಸೆರಾಮಿಕ್ ಕೋಟಿಂಗ್ ಎಂಬ ಲೇಪ ಹಾಕಿಸಲೇ ಎಂದು ಅವರ ಮಗ ಫೋನಿನಲ್ಲಿ ಕೇಳಿದ. ಬೇಡ ಅಂದೆ. ಅದು ಒಳ್ಳೆಯ ವಸ್ತು, ನೀರು ನಿಲ್ಲುವುದಿಲ್ಲ, ಕೊಳೆ ಬೇಗ ಇಳಿಯುತ್ತದೆ. ಆದರೆ ಕಲ್ಲಿನ ಪುಡಿಯನ್ನು ಒಣಗೇ ಒರೆಸಿದರೆ ಅದರ ಮೇಲೂ ಗೀರು ಬೀಳುತ್ತದೆ. ಮೊದಲು ಅಭ್ಯಾಸ ಬದಲಾಗಲಿ. ಸದ್ಯಕ್ಕೆ ಕಾರ್ನೂಬಾ ವ್ಯಾಕ್ಸ್ ಹಚ್ಚಿದೆ. ಬ್ರೆಜಿಲ್‌ನ ಒಂದು ಜಾತಿಯ ತಾಳೆಯ ಎಲೆಯಿಂದ ಬರುವ ಮೇಣ ಅದು. ನಮ್ಮ ಬಿಸಿಲಿನಲ್ಲಿ ಆರೇಳು ವಾರ ನಿಂತರೆ ಹೆಚ್ಚು. ಆದರೆ ಕಾಕಾ ಕೈಯಾರೆ ಹಚ್ಚಿಕೊಳ್ಳಬಹುದು. ದಿನಾ ಕಾರಿಗೆ ಏನಾದರೂ ಮಾಡಬೇಕು ಎನ್ನುವ ಮನಸ್ಸಿನವರಿಗೆ ಕೈಗೊಂದು ಕೆಲಸ ಬೇಕು.

ನೀರಿನ ಲೆಕ್ಕ

ಹೊಸ ದಿನಚರಿ ಮಾತಾಡುವಾಗ ಕಾಕಿ ಫೋನಿನಲ್ಲೇ ಮುಖ್ಯವಾದ ಪ್ರಶ್ನೆ ಎತ್ತಿದರು. "ಬ್ಯಾಸಗ್ಯಾಗ ಕುಡ್ಯಾಕ ನೀರಿಗೆ ಕಾಯ್ತೀವಿ. ಕಾರಿಗೆ ಎಲ್ಲಿಂದ ತರೂದಪಾ?" ನ್ಯಾಯವಾದ ಮಾತು. ಪೈಪ್ ಹಿಡಿದು ಅರ್ಧ ಗಂಟೆ ನೀರು ಹರಿಸುವ ಸಲಹೆ ನಮ್ಮ ಜಿಲ್ಲೆಗೆ ಹೊಂದುವುದಿಲ್ಲ.

ಹಾಗಾಗಿ ಲೆಕ್ಕ ಹಾಕಿದೆವು. ಹೊಲಕ್ಕೆ ಔಷಧಿ ಹೊಡೆಯುವಂಥ, 5 ಲೀಟರಿನ ಕೈಪಂಪು ಒಂದು. ಹೊಸದೇ ಬೇಕು, ಔಷಧಿ ತುಂಬಿದ್ದು ಬೇಡ. ಅದರಿಂದ ಮೇಲಿನಿಂದ ಕೆಳಕ್ಕೆ ಸಿಂಪಡಿಸಿ ಧೂಳು ನೆನೆಸಿ ಇಳಿಸುವುದು. ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ ಒಂದು ಭಾಗ ತೊಳೆಯುವುದು, ಬರೀ ನೀರಿನಲ್ಲಿ ಅಲ್ಲಾಡಿಸಿ ಹರಳು ಬಿಡಿಸುವುದು, ಮತ್ತೆ ಶಾಂಪೂ ನೀರಿಗೆ. ಎರಡನೇ ಬಕೆಟ್ ತಳದಲ್ಲಿ ಕೂತ ಮಣ್ಣು ನೋಡಿದರೆ ಅದು ಇಲ್ಲದಿದ್ದರೆ ಎಲ್ಲಿ ಹೋಗುತ್ತಿತ್ತು ಎಂದು ಗೊತ್ತಾಗುತ್ತದೆ. ಮೊದಲು ಟಾಪ್, ಗಾಜು, ಬಾನೆಟ್. ಕೊನೆಗೆ ಬಾಗಿಲಿನ ಕೆಳಭಾಗ. ಚಕ್ರಕ್ಕೆ ಬೇರೆ ಬಟ್ಟೆ. ಒಟ್ಟು 25 ಲೀಟರಿನೊಳಗೆ ಮುಗಿಯುತ್ತದೆ, ಆ ನೀರೂ ಅಂಗಳದ ಧೂಳಿಗೆ ಆಗುತ್ತದೆ.

ಕೊನೆಯ ಸುತ್ತಿನ ನೀರು ಮಾತ್ರ ಬೋರ್‌ವೆಲ್‌ದು ಬೇಡ. ಮಳೆಗಾಲದಲ್ಲಿ ಮಾಳಿಗೆಯ ನೀರು ಹಿಡಿದಿಟ್ಟರೆ ಚಿನ್ನ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನಲ್ಲೂ ಸುಣ್ಣ ಇರುವುದಿಲ್ಲ. ಫಿಲ್ಟರ್ ಮಷೀನಿನಿಂದ ಹೊರಗೆ ಬರುವ ವ್ಯರ್ಥ ನೀರು ಬಳಸಬೇಡಿ ಎಂದು ಒತ್ತಿ ಹೇಳಿದೆ. ನೀರು ಉಳಿಸುವ ಒಳ್ಳೆಯ ಉದ್ದೇಶದಿಂದ ಎಷ್ಟೋ ಮನೆಯಲ್ಲಿ ಅದನ್ನೇ ಕಾರಿಗೆ ಸುರಿಯುತ್ತಾರೆ. ಫಿಲ್ಟರ್ ಬಿಟ್ಟ ಸುಣ್ಣವೆಲ್ಲ ಅದರಲ್ಲೇ ಸೇರಿರುತ್ತದೆ, ಕಲೆ ಇನ್ನೂ ಜಾಸ್ತಿ. ನೆಲ ಒರೆಸಲು ಅದು ಸಾಕು.

ಒಣಗಿಸುವುದಕ್ಕೆ ದೊಡ್ಡ ಮೈಕ್ರೋಫೈಬರ್ ಬಟ್ಟೆ. ಬಾನೆಟ್ ಮೇಲೆ ಹಾಸಿ, ಅಂಗೈಯಿಂದ ತಟ್ಟಿ, ಎತ್ತುವುದು. ನೆಲಕ್ಕೆ ಬಿದ್ದರೆ ಅದನ್ನು ತೊಳೆಯುವ ತನಕ ಪೇಂಟ್ ಮುಟ್ಟಿಸಬಾರದು. ಈ ಬಟ್ಟೆಗಳನ್ನು ಬೇರೆಯಾಗಿ ತೊಳೆಯಬೇಕು, ಬಟ್ಟೆ ಮೆತ್ತಗಾಗಿಸುವ ದ್ರವ ಹಾಕಬಾರದು, ಹಾಕಿದರೆ ನೀರು ಹೀರುವುದಿಲ್ಲ. ಇದೆಲ್ಲ ಬೆಳಿಗ್ಗೆ, ನೆರಳಿನಲ್ಲಿ, ತಗಡು ತಣ್ಣಗಿದ್ದಾಗ.

ಪ್ರತಿದಿನ ಏನು ಮಾಡಬೇಕು? ಏನೂ ಮಾಡಬಾರದು. ಗಾಜು ಮತ್ತು ಕನ್ನಡಿ ಒದ್ದೆ ಮಾಡಿ ಒರೆಸಿಕೊಂಡು ಹೊರಡುವುದು, ಅಷ್ಟೇ. ಕಾಕಾ ಅವರಿಗೆ ಕಷ್ಟವಾದದ್ದು ಇದೊಂದೇ. ಧೂಳು ಹಿಡಿದ ಕಾರಿನಲ್ಲಿ ಕೆಲಸಕ್ಕೆ ಹೋಗುವುದು ಅವರಿಗೆ ಮುಖ ತೊಳೆಯದೆ ಹೋದಂತೆ. ಹಿಕ್ಕೆ ಬಿದ್ದರೆ ಮಾತ್ರ ಕಾಯಬಾರದು. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಸಿ, ನೆನೆದ ಮೇಲೆ ಎತ್ತಿಕೊಳ್ಳುವುದು. ಅದಕ್ಕೆಂದು ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಒಂದು ಬಟ್ಟೆ. ರಾತ್ರಿ ಹೊಸಪೇಟೆ ಹೆದ್ದಾರಿಯಲ್ಲಿ ಬಂದಾಗ ಬಂಪರಿಗೆ ಅಂಟುವ ಹುಳುಗಳಿಗೂ ಇದೇ ಉಪಾಯ.

ಬೇರೆ ಊರಿನವರಿಗೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಮುಧೋಳ ಕಡೆಯ ಗಿರಾಕಿಗಳ ಕಾರಿಗೆ ಕಬ್ಬು ಅರೆಯುವ ಕಾಲದಲ್ಲಿ ಕಾರ್ಖಾನೆಯ ಕರಿಬೂದಿ ಬೀಳುತ್ತದೆ. ಒಣಗೇ ಒರೆಸಿದರೆ ಮಸಿ ಬಳಿದಂತಾಗುತ್ತದೆ. ಸಿಮೆಂಟ್ ಕಾರ್ಖಾನೆ ಹತ್ತಿರ ಇರುವವರು ಇಬ್ಬನಿ ಬೀಳುವ ಮೊದಲೇ ಧೂಳು ಇಳಿಸಿದರೆ ಒಳ್ಳೆಯದು. ಒದ್ದೆಯಾಗಿ ಆರಿದರೆ ಗಟ್ಟಿ ಹಿಡಿಯುತ್ತದೆ.

ಅಮಾವಾಸ್ಯೆ ಪೂಜೆ

ಇದನ್ನು ಹೇಳಲು ನನಗೇ ಸಂಕೋಚ ಇತ್ತು. ನಮ್ಮ ಮನೆಯಲ್ಲೂ ಗಾಡಿ ಪೂಜೆ ತಪ್ಪಿಸುವುದಿಲ್ಲ. ಆದರೆ ಬಾನೆಟ್ ಮಧ್ಯದಲ್ಲಿ ಸ್ವಸ್ತಿಕದ ಆಕಾರ ಬಣ್ಣ ಮಾಸಿ ಕೂತಿತ್ತು. ಕುಂಕುಮ, ವಿಭೂತಿ ನೀರಿನಲ್ಲಿ ಕಲಸಿ ಹಚ್ಚಿ, ಎರಡು ದಿನ ಬಿಸಿಲಿಗೆ ಬಿಟ್ಟು, ಒಣಗಿದ ಮೇಲೆ ಉಜ್ಜಿ ತೆಗೆಯುತ್ತಿದ್ದರು. ಕುಂಕುಮದ ಬಣ್ಣ ಇಳಿಯುತ್ತದೆ, ವಿಭೂತಿಯ ಬೂದಿ ಉಜ್ಜುತ್ತದೆ. ಚೆಂಡುಹೂವಿನ ರಸವೂ ಕಲೆ ಮಾಡುತ್ತದೆ. ಕಾಯಿ ಒಡೆದ ನೀರು ಸಿಡಿದು ಅಂಟಂಟಾಗುತ್ತದೆ.

ಮುಂದಿನ ಗಾಜಿನ ಮೇಲೆ ಬರೆಯಿರಿ ಕಾಕಾ, ಗಾಜಿಗೆ ಏನೂ ಆಗುವುದಿಲ್ಲ ಅಂದೆ. ಹಾರವನ್ನು ಗ್ರಿಲ್ಲಿಗೆ ಕಟ್ಟಿ ಸಂಜೆ ತೆಗೆಯುವುದು. ಮುಖ್ಯವಾಗಿ, ಪೂಜೆಗೆ ಮೊದಲು ತೊಳೆಯುವಷ್ಟೇ ಶ್ರದ್ಧೆಯಿಂದ ಮರುದಿನ ಬೆಳಿಗ್ಗೆಯೂ ಒಮ್ಮೆ ನೀರು ಹಾಕುವುದು. ಅವರು ಸ್ವಲ್ಪ ಹೊತ್ತು ಯೋಚಿಸಿ ತಲೆಯಾಡಿಸಿದರು.

ಆಮೇಲೆ

ಮೇ ತಿಂಗಳಲ್ಲಿ ಕಾರು ಮತ್ತೆ ಬಂತು. ಟಾರ್ಚ್ ಹಿಡಿದು ನೋಡಿದೆವು. ಬಾನೆಟ್, ಟಾಪ್ ಚೆನ್ನಾಗಿದ್ದವು. ಬಲಗಡೆಯ ಹಿಂದಿನ ಬಾಗಿಲಿನಲ್ಲಿ ಹೊಸ ಗೆರೆಗಳು, ಒಂದು ಅಂಗೈ ಅಗಲ. ಕೇಳಿದ್ದಕ್ಕೆ ಕಾಕಾ ನಿಜ ಹೇಳಿದರು. ಮದುವೆಗೆ ಹೊರಡುವ ಅವಸರದಲ್ಲಿ ಕೈಯಲ್ಲಿದ್ದ ಟವೆಲ್‌ನಿಂದ ಒರೆಸಿಬಿಟ್ಟಿದ್ದರು. "ಮೂರು ಸಲ ಎಳದೆ, ನಾಕನೇದಕ್ಕ ನೆನಪಾತು" ಅಂದರು. ಮೂರು ಎಳೆತಕ್ಕೆ ಅಷ್ಟು. ಅದನ್ನು ನಾನು ಪಾಲಿಶ್ ಮಾಡಲಿಲ್ಲ. ಅಷ್ಟಕ್ಕೆಲ್ಲ ಕ್ಲಿಯರ್ ಕೋಟ್ ಖರ್ಚು ಮಾಡುವುದು ಬೇಡ ಎಂದು ಅವರೇ ಅಂದರು.

ಎರಡು ಬದಲಾವಣೆ ಅವರೇ ಮಾಡಿಕೊಂಡಿದ್ದರು. ಕಾರನ್ನು ಬೇವಿನ ಮರದ ಕೆಳಗಿನಿಂದ ಆಫೀಸಿನ ಗೋಡೆಯ ಪೂರ್ವ ಬದಿಗೆ ಸರಿಸಿದ್ದರು. ಮಧ್ಯಾಹ್ನದ ಮೇಲೆ ಅಲ್ಲಿ ನೆರಳು ಬೀಳುತ್ತದೆ, ಹಕ್ಕಿ ಕೂರುವುದಿಲ್ಲ, ಕಲ್ಲು ಕೊಯ್ಯುವ ಜಾಗವೂ ದೂರ. ಕವರ್ ಅನ್ನು ಪೂರ್ತಿ ಬಿಟ್ಟು, ಮನೆಯ ಮುಂದೆ ತಗಡಿನ ಚಪ್ಪರ ಹಾಕಿಸಿದ್ದರು.

ನವೆಂಬರಿನಲ್ಲಿ ಮೂರನೇ ಸಲ ಅಳೆದೆ. ಬಾನೆಟ್ ಫೆಬ್ರವರಿಯಲ್ಲಿ ಪಾಲಿಶ್ ಮುಗಿದಾಗ ಎಷ್ಟಿತ್ತೋ ಅಷ್ಟೇ. ನಡುವೆ ಅವರು ಐದು ಸಲ ವ್ಯಾಕ್ಸ್ ಹಚ್ಚಿದ್ದರು. ನೀರು ಚೆಲ್ಲಿದರೆ ಕೆಸುವಿನ ಎಲೆಯ ಮೇಲಿನಂತೆ ಮಣಿಯಾಗಿ ಉರುಳಿತು. ಹಿಕ್ಕೆಯ ಎರಡು ಹಳೆಯ ಗುರುತು, ಬಾಗಿಲಿನ ಮೂರು ಎಳೆತ ಹಾಗೇ ಇವೆ. ದಸರಾದಲ್ಲಿ ಆಯುಧ ಪೂಜೆಯ ಸ್ವಸ್ತಿಕ ಗಾಜಿನ ಮೇಲೆ ಬರೆದಿದ್ದರಂತೆ.

ಕಾಕಿಯ ಹಳೆಯ ಸೀರೆ ತುಂಡು ಇನ್ನೂ ಡಿಕ್ಕಿಯಲ್ಲೇ ಇದೆ. ಈಗ ಅದರಿಂದ ಟೈರ್ ಒರೆಸುತ್ತಾರೆ.